ಕೋಡ್ ಬರೆಯೋದಕ್ಕಿಂತ ಓದೋದೇ ಜಾಸ್ತಿ

"ಯಾವ ಕೋರ್ಸ್ ಮಾಡಿದ್ರೆ ಬೇಗ ಕೆಲಸ ಸಿಗುತ್ತೆ?" ಐಟಿಯಲ್ಲಿ ಒಂದಷ್ಟು ವರ್ಷ ಇದ್ದವರಿಗೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಕೇಳುವವರದ್ದೇನೂ ತಪ್ಪಿಲ್ಲ. ಕೆಲಸ ಬೇಕು, ದುಡ್ಡೂ ಕಡಿಮೆ, ಸಮಯವೂ ಕಡಿಮೆ, ಏನಾದರೂ ದಾರಿ ಹೇಳಿ ಅಂತಾರೆ. ಅವರಿಗೆ ಬೇಕಿರುವುದು ಒಂದು ಹೆಸರು. ಕ್ಲೌಡ್, ಡೇಟಾ ಸೈನ್ಸ್, ಸೈಬರ್ ಸೆಕ್ಯುರಿಟಿ, ಈಗಂತೂ ಎಐ. ಯಾವುದೋ ಒಂದು ಹೇಳಿಬಿಟ್ಟರೆ ಅವರಿಗೂ ಸಮಾಧಾನ, ನನಗೂ ಸಲೀಸು. ಆದರೆ ಹಾಗೆ ಹೇಳಿ ಕಳಿಸಿದ ಮೇಲೆ ಹೇಳಬೇಕಾದದ್ದು ಇನ್ನೂ ಬಾಕಿ ಇದೆ ಅನ್ನಿಸುತ್ತದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತದೆ, ಇರಲಿ.

ಮೊದಲು ಈ ಹೆಸರುಗಳ ಆಯಸ್ಸು ನೋಡಿ. ವೆಬ್‌ಸೈಟ್ ನೋಡಿಕೊಳ್ಳುವ ವೆಬ್‌ಮಾಸ್ಟರ್ ಅಂತ ಒಂದು ಹುದ್ದೆ ಇತ್ತು, ಒಂದು ಕಾಲಕ್ಕೆ ಭಾರೀ ಗತ್ತಿನದ್ದು. ಈಗ ಆ ಹೆಸರು ಕಾಣುವುದೇ ಅಪರೂಪ. ಡೆವ್‌ಆಪ್ಸ್ (ಸಾಫ್ಟ್‌ವೇರ್ ಬರೆಯುವುದು, ಅದನ್ನು ಓಡಿಸಿ ನೋಡಿಕೊಳ್ಳುವುದು ಎರಡನ್ನೂ ಜೋಡಿಸುವ ಕೆಲಸ) ಎಂಬ ಮಾತು ಚಾಲ್ತಿಗೆ ಬಂದದ್ದು 2009ರಲ್ಲಿ, ಬೆಲ್ಜಿಯಂನ ಗೆಂಟ್‌ನಲ್ಲಿ ಪ್ಯಾಟ್ರಿಕ್ ಡೆಬ್ವಾ ಏರ್ಪಡಿಸಿದ ಒಂದು ಸಮ್ಮೇಳನದಿಂದ. 2012ರಲ್ಲಿ ಹಾರ್ವರ್ಡ್ ಬಿಸಿನೆಸ್ ರಿವ್ಯೂ ಪತ್ರಿಕೆ ಡೇಟಾ ಸೈಂಟಿಸ್ಟ್ ಕೆಲಸವನ್ನು ಈ ಶತಮಾನದಲ್ಲೇ ಎಲ್ಲಕ್ಕಿಂತ ಆಕರ್ಷಕವಾದ ಕೆಲಸ ಅಂತ ಹೊಗಳಿತು, ಆಮೇಲೆ ಎಲ್ಲಿ ನೋಡಿದರೂ ಡೇಟಾ ಸೈನ್ಸ್ ಕೋರ್ಸುಗಳೇ. 2022ರ ನವೆಂಬರ್ 30ಕ್ಕೆ ಚಾಟ್‌ಜಿಪಿಟಿ ಬಂತು. ಮುಂದಿನ ವರ್ಷ ಪೂರ್ತಿ ಪ್ರಾಂಪ್ಟ್ ಎಂಜಿನಿಯರ್‌ಗಳದ್ದೇ ಸುದ್ದಿ, ಅಂದರೆ ಎಐಗೆ ಕೊಡುವ ಸೂಚನೆಗಳನ್ನು (ಪ್ರಾಂಪ್ಟ್) ಬರೆಯುವವರದ್ದು. ಈಗ ಆ ಕೆಲಸ ಬೇರೆ ಬೇರೆ ಹುದ್ದೆಗಳ ಒಳಗೆ ಕರಗಿಹೋಗಿದೆ, ಅದಕ್ಕಂತಲೇ ಜನರನ್ನು ಹುಡುಕುವ ಭರಾಟೆ ಇಲ್ಲ.

ಈ ಹೆಸರುಗಳ ಕೆಳಗಿರುವ ಸಾಮಾನು ಮಾತ್ರ ಹಳೆಯದೇ. ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಶುರುವಾದದ್ದು 1969ರಲ್ಲಿ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ ಡೇಟಾವನ್ನು ಟೇಬಲ್‌ಗಳಾಗಿ ಇಡುವ ಯೋಚನೆಯನ್ನು ಪ್ರಕಟಿಸಿದ್ದು 1970ರಲ್ಲಿ, ಅದರ ಬೆನ್ನಿಗೇ ಡೇಟಾಬೇಸನ್ನು ಪ್ರಶ್ನೆ ಕೇಳುವ ಭಾಷೆ ಎಸ್‌ಕ್ಯೂಎಲ್ ಹುಟ್ಟಿತು. ಇಂಟರ್‌ನೆಟ್‌ನ ಪೂರ್ವಜ ಆರ್ಪಾನೆಟ್, ಕಂಪ್ಯೂಟರ್‌ಗಳು ಇವತ್ತಿಗೂ ಮಾತಾಡಿಕೊಳ್ಳುವ ನಿಯಮಗಳಾದ ಟಿಸಿಪಿ/ಐಪಿಗೆ ಬದಲಾದದ್ದು 1983ರ ಜನವರಿ 1ಕ್ಕೆ. ವೆಬ್‌ಸೈಟಿನ ಹೆಸರಿಗೆ ಅದರ ಅಂಕಿಯ ವಿಳಾಸ ಹುಡುಕಿಕೊಡುವ ಡಿಎನ್‌ಎಸ್ ಕೂಡ ಅದೇ ವರ್ಷದ್ದು. ಇವತ್ತು ಕ್ಲೌಡ್ ಎಂಜಿನಿಯರ್ ಸಂದರ್ಶನಕ್ಕೆ ಹೋದರೆ ಡಿಎನ್‌ಎಸ್ ಹೇಗೆ ಕೆಲಸ ಮಾಡುತ್ತದೆ ಅಂತ ಕೇಳುತ್ತಾರೆ, ಡೇಟಾ ಎಂಜಿನಿಯರ್ ಸಂದರ್ಶನಕ್ಕೆ ಹೋದರೆ ಎಸ್‌ಕ್ಯೂಎಲ್ ಕೇಳದೆ ಬಿಡುವುದಿಲ್ಲ. ಅರ್ಧ ಶತಮಾನದ ಹಿಂದಿನ ವಿಷಯ ಕಲಿತವರಿಗೆ ಇವತ್ತಿನ ಹೊಸ ಹೆಸರಿನ ಕೆಲಸ ಸಿಗುತ್ತಿದೆ. ಸ್ವಲ್ಪ ತಮಾಷೆಯಾಗಿದೆ, ಅಲ್ವಾ?

ಇನ್ನೊಂದು ಮಾತು. ಹೊರಗಿನಿಂದ ನೋಡುವವರಿಗೆ ಐಟಿ ಅಂದರೆ ಕೋಡ್ ಬರೆಯೋದು. ಒಳಗೆ ಬಂದ ಮೇಲೆ ಗೊತ್ತಾಗುತ್ತದೆ, ದಿನದ ಜಾಸ್ತಿ ಹೊತ್ತು ಓದುವುದರಲ್ಲೇ ಹೋಗುತ್ತದೆ. ಬೇರೆಯವರು ಬರೆದ ಕೋಡ್ ಓದಬೇಕು, ಎಷ್ಟೋ ಸಲ ಆ ಬೇರೆಯವರು ಕೆಲಸ ಬಿಟ್ಟು ಹೋಗಿರುತ್ತಾರೆ. ಸಿಸ್ಟಂ ತಾನು ಮಾಡಿದ್ದನ್ನೆಲ್ಲ ಬರೆದಿಡುವ ಲಾಗ್ ಓದಬೇಕು. ಎರರ್ ಮೆಸೇಜು ಓದಬೇಕು, ಅದರಲ್ಲೂ ಮೊದಲ ಸಾಲು ಮಾತ್ರ ನೋಡಿ ಬಿಡದೆ ಪೂರ್ತಿ ಓದಬೇಕು. ಗ್ರಾಫು, ಟಿಕೆಟ್ (ದಾಖಲಾದ ದೂರುಗಳು), ಡಾಕ್ಯುಮೆಂಟೇಶನ್, ಹಳೆಯ ಮೇಲ್‌ಗಳು, ಹೀಗೆ. ಬೇಡಿಕೆ ಇರುವ ಯಾವ ಹುದ್ದೆ ತೆಗೆದುಕೊಂಡರೂ ಒಳ್ಳೆ ಸಂಬಳ ಸಿಗುತ್ತಿರುವುದು ಈ ಓದುವ ತಾಳ್ಮೆಗೆ ಅನ್ನುವುದು ನನ್ನ ಅಭಿಪ್ರಾಯ. ಕೆಲಸದ ಜಾಹೀರಾತಿನಲ್ಲಿ ಹತ್ತು ಟೂಲ್‌ಗಳ ಹೆಸರು ಇರುತ್ತದೆ, ಇದರ ಬಗ್ಗೆ ಒಂದು ಸಾಲೂ ಇರುವುದಿಲ್ಲ.

ಸೆಕ್ಯುರಿಟಿಯಿಂದಲೇ ಶುರು ಮಾಡೋಣ, ಯಾಕೆಂದರೆ ಅಲ್ಲಿ ಇದು ಎದ್ದು ಕಾಣುತ್ತದೆ. 2024ರ ಮಾರ್ಚ್‌ನಲ್ಲಿ ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಪೋಸ್ಟ್‌ಗ್ರೆಸ್ ಡೇಟಾಬೇಸಿನ ವೇಗ ಅಳೆಯುತ್ತಿದ್ದರು. ಅವರು ಡೇಟಾಬೇಸ್ ಕೆಲಸದವರು, ಸೆಕ್ಯುರಿಟಿಯವರಲ್ಲ. ಎಸ್‌ಎಸ್‌ಎಚ್ ಲಾಗಿನ್ (ದೂರದ ಸರ್ವರಿನೊಳಗೆ ಸುರಕ್ಷಿತವಾಗಿ ಹೋಗುವ ವಿಧಾನ) ಮಾಮೂಲಿಗಿಂತ ಅರ್ಧ ಸೆಕೆಂಡ್ ನಿಧಾನ ಆಗುತ್ತಿರುವುದು ಅವರ ಕಣ್ಣಿಗೆ ಬಿತ್ತು. ನಾವಾಗಿದ್ದರೆ ನೆಟ್‌ವರ್ಕ್ ಸ್ಲೋ ಇರಬೇಕು ಅಂತ ಬಿಟ್ಟುಬಿಡುತ್ತಿದ್ದೆವು. ಅವರು ಬಿಡಲಿಲ್ಲ. ಹಿಂದೆ ಬಿದ್ದು ನೋಡಿದಾಗ ಎಕ್ಸ್‌ಝಡ್ ಎಂಬ ಕಂಪ್ರೆಷನ್ ಸಾಫ್ಟ್‌ವೇರಿನ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಇಟ್ಟಿದ್ದು ಸಿಕ್ಕಿತು. ಇಟ್ಟವರು ರಾತ್ರೋರಾತ್ರಿ ನುಗ್ಗಿದವರಲ್ಲ, ವರ್ಷಗಟ್ಟಲೆ ಆ ಯೋಜನೆಗೆ ಒಳ್ಳೆ ಕೋಡ್ ಕೊಟ್ಟು ನಂಬಿಕೆ ಗಳಿಸಿಕೊಂಡಿದ್ದವರು. ಇನ್ನು ಸ್ವಲ್ಪ ದಿನ ಹೋಗಿದ್ದರೆ ಅದು ಸರ್ವರ್‌ಗಳಲ್ಲಿ ಹೆಚ್ಚಾಗಿ ಬಳಸುವ ಆಪರೇಟಿಂಗ್ ಸಿಸ್ಟಂ ಲಿನಕ್ಸ್‌ನ ದೊಡ್ಡ ದೊಡ್ಡ ವಿತರಣೆಗಳ ಸ್ಥಿರ ಆವೃತ್ತಿಗಳಿಗೆ ಸೇರಿಬಿಡುತ್ತಿತ್ತು. ತಡೆದದ್ದು ಯಾವ ದುಬಾರಿ ಸೆಕ್ಯುರಿಟಿ ಟೂಲೂ ಅಲ್ಲ, ಮಾಮೂಲಿ ಹೇಗಿರುತ್ತದೆ ಅಂತ ಗೊತ್ತಿದ್ದ ಒಬ್ಬ ಮನುಷ್ಯ.

ಸೆಕ್ಯುರಿಟಿ ಅಂದ ಕೂಡಲೇ ಹೊಸಬರೆಲ್ಲ ಪೆನ್ ಟೆಸ್ಟಿಂಗ್ ಕಡೆ, ಅಂದರೆ ಅನುಮತಿ ಪಡೆದು ಹ್ಯಾಕ್ ಮಾಡಿ ದೋಷ ಹುಡುಕುವ ಕಡೆ ಓಡುತ್ತಾರೆ. ಹ್ಯಾಕ್ ಮಾಡೋದು ನೋಡೋಕೆ ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಹೊಸಬರಿಗೆ ಬಾಗಿಲು ತೆರೆಯುವುದು ಹೆಚ್ಚಾಗಿ ಎಸ್‌ಒಸಿ (ಸೆಕ್ಯುರಿಟಿ ಕಾವಲು ಕೇಂದ್ರ) ಅನಾಲಿಸ್ಟ್ ಕೆಲಸದಲ್ಲಿ, ಅಂದರೆ ಬರುವ ಅಲರ್ಟ್‌ಗಳನ್ನು ಪಾಳಿಯಲ್ಲಿ ಕೂತು ನೋಡಿ ಯಾವುದು ನಿಜ, ಯಾವುದು ಸುಳ್ಳು ಅಂತ ಬೇರೆ ಮಾಡುವುದು. ಬೇಜಾರಿನ ಕೆಲಸ ಅನ್ನಿಸಬಹುದು, ಆದರೆ ಮಾಮೂಲಿ ಅಂದರೆ ಏನು ಅಂತ ಕಣ್ಣಿಗೆ ಅಭ್ಯಾಸವಾಗುವುದೇ ಅಲ್ಲಿ. 2021ರ ಡಿಸೆಂಬರ್‌ನಲ್ಲಿ ಲಾಗ್4ಜೆ ಎಂಬ ಜಾವಾ ಲೈಬ್ರರಿಯಲ್ಲಿ (ಲೈಬ್ರರಿ ಅಂದರೆ ಬೇರೆ ಸಾಫ್ಟ್‌ವೇರ್‌ಗಳು ಎತ್ತಿ ಬಳಸಿಕೊಳ್ಳುವ ಸಿದ್ಧ ಕೋಡ್) ಭಾರೀ ದೋಷ ಸಿಕ್ಕಿತು, ಗಂಭೀರತೆಯಲ್ಲಿ ಹತ್ತಕ್ಕೆ ಹತ್ತು ಅಂಕ. ಸರಿಪಡಿಸಿದ ಆವೃತ್ತಿ ಬೇಗನೇ ಬಂತು. ಜನ ನಿದ್ದೆಗೆಟ್ಟು ಹುಡುಕಿದ್ದು ಬೇರೆಯದನ್ನು: ನಮ್ಮ ನೂರಾರು ಸಾಫ್ಟ್‌ವೇರ್‌ಗಳಲ್ಲಿ ಈ ಲೈಬ್ರರಿ ಎಲ್ಲೆಲ್ಲಿ ಕೂತಿದೆ? ಎಷ್ಟೋ ಕಡೆ ಅದು ನೇರವಾಗಿ ಇರಲಿಲ್ಲ, ಇನ್ನೊಂದು ಲೈಬ್ರರಿಯ ಒಳಗೆ, ಅದರ ಒಳಗೆ ಮತ್ತೊಂದರಲ್ಲಿ ಇತ್ತು. ಯಾವುದು ಯಾವುದನ್ನು ಬಳಸುತ್ತದೆ ಅಂತ ಪಟ್ಟಿ ಇಟ್ಟುಕೊಂಡಿದ್ದವರು ಬೇಗ ಮನೆಗೆ ಹೋದರು. ಸೆಕ್ಯುರಿಟಿ ಕೆಲಸದಲ್ಲಿ ಈ ಪಟ್ಟಿ ಇಡುವ ಭಾಗ ಬಹಳ ದೊಡ್ಡದು, ಅದನ್ನು ಯಾರೂ ಸಿನಿಮಾ ಮಾಡುವುದಿಲ್ಲ ಅಷ್ಟೇ.

ಕಲಿಯಬೇಕಾದದ್ದು? ನೆಟ್‌ವರ್ಕಿಂಗ್, ಲಿನಕ್ಸ್, ವೆಬ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು, ವೆಬ್ ಸುರಕ್ಷತೆಗೆ ಕೆಲಸ ಮಾಡುವ ಓವಾಸ್ಪ್ ಎಂಬ ಸಂಸ್ಥೆಯವರ ಟಾಪ್ ಟೆನ್ ಪಟ್ಟಿಯ ದೋಷಗಳನ್ನು ನೀವೇ ಒಂದು ಅಭ್ಯಾಸದ ಸೈಟಿನಲ್ಲಿ ಮಾಡಿ ನೋಡುವುದು, ಸಣ್ಣ ಸ್ಕ್ರಿಪ್ಟ್ ಬರೆಯುವಷ್ಟು ಪೈಥಾನ್. ಜೊತೆಗೆ ಎರಡು ಪುಟದ ವರದಿಯನ್ನು ಅರ್ಥವಾಗುವ ಹಾಗೆ ಬರೆಯೋದು. ದೋಷ ಹುಡುಕಿ ಅದನ್ನು ಬೇರೆಯವರಿಗೆ ತಿಳಿಸಿ ಹೇಳಲಾಗದಿದ್ದರೆ ಅದು ಸರಿಯಾಗುವುದೇ ಇಲ್ಲ.

ಈಗ ಕ್ಲೌಡ್ (ಸರ್ವರ್‌ಗಳನ್ನು ಇಂಟರ್‌ನೆಟ್ ಮೂಲಕ ಬಾಡಿಗೆಗೆ ಬಳಸುವುದು), ಡೆವ್‌ಆಪ್ಸ್, ಎಸ್‌ಆರ್‌ಇ (ಸಿಸ್ಟಂ ನಿಲ್ಲದಂತೆ ನೋಡಿಕೊಳ್ಳುವ ಕೆಲಸ). ಈ ಮೂರನ್ನೂ ಒಟ್ಟಿಗೆ ಹೇಳುತ್ತಿದ್ದೇನೆ, ಯಾಕೆಂದರೆ ಬಹಳ ಕಡೆ ಒಬ್ಬರೇ ಮೂರನ್ನೂ ಮಾಡುತ್ತಿರುತ್ತಾರೆ. 2021ರ ಅಕ್ಟೋಬರ್ 4ರಂದು ಫೇಸ್‌ಬುಕ್, ವಾಟ್ಸಾಪ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ನಿಂತುಹೋದದ್ದು ನೆನಪಿರಬಹುದು. ಕಂಪನಿಯೇ ಆಮೇಲೆ ವಿವರಿಸಿದ ಪ್ರಕಾರ, ನಿರ್ವಹಣೆಯ ವೇಳೆ ಕೊಟ್ಟ ಒಂದು ಕಮಾಂಡ್ ಅವರ ಡೇಟಾ ಸೆಂಟರ್‌ಗಳನ್ನು ಜೋಡಿಸುವ ಜಾಲವನ್ನೇ ಕಡಿದುಹಾಕಿತು. ಇಂಥ ಕಮಾಂಡನ್ನು ತಡೆಯಬೇಕಿದ್ದ ಟೂಲ್‌ನಲ್ಲೂ ಬಗ್ ಇತ್ತು. ಡೇಟಾ ಸೆಂಟರ್ ಸಿಗದೇ ಇದ್ದಾಗ ಅವರ ಡಿಎನ್‌ಎಸ್ ಸರ್ವರ್‌ಗಳು, ನಾವು ಸರಿ ಇಲ್ಲ ಅಂದುಕೊಂಡು ತಮ್ಮ ವಿಳಾಸವನ್ನು ಇಂಟರ್‌ನೆಟ್‌ನಿಂದ ತಾವೇ ವಾಪಸ್ ತೆಗೆದುಕೊಂಡವು. ಸರಿಪಡಿಸಲು ಬೇಕಾದ ಒಳಗಿನ ಟೂಲ್‌ಗಳೂ ಅದೇ ಜಾಲದ ಮೇಲೆ ನಿಂತಿದ್ದವು, ಹಾಗಾಗಿ ಅವೂ ಇಲ್ಲ. ಕೊನೆಗೆ ಎಂಜಿನಿಯರ್‌ಗಳು ಡೇಟಾ ಸೆಂಟರಿಗೇ ಹೋಗಬೇಕಾಯಿತು. ಕ್ಲೌಡ್ ಬಂದ ಮೇಲೆ ನೆಟ್‌ವರ್ಕಿಂಗ್ ಯಾಕೆ ಕಲೀಬೇಕು ಅಂತ ಕೇಳುವವರಿಗೆ ನಾನು ಈ ಕಥೆ ಓದಿ ಅನ್ನುತ್ತೇನೆ.

ಇನ್ನೊಂದು ಘಟನೆ ನನಗೆ ಇದಕ್ಕಿಂತ ಇಷ್ಟ. 2017ರ ಜನವರಿ 31ರಂದು ಪ್ರೋಗ್ರಾಮರ್‌ಗಳು ಕೋಡ್ ಇಟ್ಟು ಹಂಚಿಕೊಳ್ಳುವ ಗಿಟ್‌ಲ್ಯಾಬ್ ಎಂಬ ಸೇವೆಯ ಎಂಜಿನಿಯರ್ ಒಬ್ಬರು ಒಂದು ಸರ್ವರ್ ಅಂದುಕೊಂಡು ಇನ್ನೊಂದರಲ್ಲಿ, ಅಂದರೆ ಮುಖ್ಯ ಡೇಟಾಬೇಸ್ ಸರ್ವರಿನಲ್ಲೇ, ಡೇಟಾ ಅಳಿಸಿಬಿಟ್ಟರು. ಬ್ಯಾಕಪ್ ಇದೆಯಲ್ಲ ಅಂತ ಹೋಗಿ ನೋಡಿದರೆ ಬ್ಯಾಕಪ್ ಖಾಲಿ. ಡೇಟಾಬೇಸಿನ ಆವೃತ್ತಿ ಒಂದು, ಬ್ಯಾಕಪ್ ತೆಗೆಯುವ ಟೂಲಿನ ಆವೃತ್ತಿ ಇನ್ನೊಂದು. ಹೊಂದಿಕೆಯಾಗದೆ ಅದು ಪ್ರತಿ ಸಲವೂ ಸೋಲುತ್ತಿತ್ತು. ಸೋತಾಗ ಮೇಲ್ ಕಳಿಸುವ ವ್ಯವಸ್ಥೆ ಇತ್ತು, ಆದರೆ ಆ ಮೇಲ್‌ಗಳಿಗೆ ಸರಿಯಾದ ಗುರುತು ಇಲ್ಲದ್ದರಿಂದ ಮೇಲ್ ಸರ್ವರ್ ಅವನ್ನೆಲ್ಲ ತಿರಸ್ಕರಿಸುತ್ತಿತ್ತು. ಹಾಗಾಗಿ ಯಾರಿಗೂ ಗೊತ್ತಿಲ್ಲ. ಅದೃಷ್ಟಕ್ಕೆ ಸುಮಾರು ಆರು ಗಂಟೆ ಮೊದಲು ಬೇರೇನೋ ಕೆಲಸಕ್ಕೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ (ಆ ಕ್ಷಣದ ಡೇಟಾದ ನಕಲು) ಇತ್ತು, ಅದರಿಂದ ಉಳಿದುಕೊಂಡರು. ಅವರು ಇದೆಲ್ಲವನ್ನೂ ಮುಚ್ಚಿಡದೆ ಬರೆದು ಪ್ರಕಟಿಸಿದರು, ಸರಿಪಡಿಸುವುದನ್ನು ಯೂಟ್ಯೂಬ್‌ನಲ್ಲಿ ನೇರ ಪ್ರಸಾರವನ್ನೂ ಮಾಡಿದರು. ಕ್ಲೌಡ್ ಕೆಲಸ ಅಂದರೆ ಅಮೆಜಾನಿನ ಕ್ಲೌಡ್ ಆದ ಎಡಬ್ಲ್ಯೂಎಸ್‌ನ ಸೇವೆಗಳ ಹೆಸರು ಬಾಯಿಪಾಠ ಮಾಡುವುದು ಅಂದುಕೊಂಡವರು ಆ ವರದಿಯನ್ನು ಒಂದು ಸಲ ಓದಬೇಕು.

ಈ ದಾರಿಗೆ ಬೇಕಾದದ್ದು ಲಿನಕ್ಸ್, ನೆಟ್‌ವರ್ಕ್, ಯಾವುದಾದರೂ ಒಂದು ಕ್ಲೌಡ್ (ಒಂದು ಸಾಕು, ಎರಡನೆಯದು ತಾನಾಗೇ ಬರುತ್ತದೆ), ಡಾಕರ್ (ಸಾಫ್ಟ್‌ವೇರನ್ನು ಬೇಕಾದ್ದರ ಜೊತೆ ಕಂಟೇನರ್ ಎಂಬ ಒಂದು ಪೊಟ್ಟಣವಾಗಿ ಕಟ್ಟುವುದು), ಟೆರಾಫಾರ್ಮ್ (ಸರ್ವರ್‌ಗಳನ್ನು ಕೋಡ್ ಬರೆದು ಸಿದ್ಧಮಾಡುವುದು), ಸಿಐ/ಸಿಡಿ (ಕೋಡನ್ನು ತಾನಾಗೇ ಪರೀಕ್ಷಿಸಿ ಬಿಡುಗಡೆ ಮಾಡುವ ವ್ಯವಸ್ಥೆ), ಮಾನಿಟರಿಂಗ್. ಬಹಳ ಕಂಟೇನರ್‌ಗಳನ್ನು ಒಟ್ಟಿಗೆ ನಿಭಾಯಿಸುವ ಕುಬರ್ನೆಟೀಸ್ ಆಮೇಲೆ. ಮೊದಲ ದಿನವೇ ಕುಬರ್ನೆಟೀಸ್‌ನಿಂದ ಶುರು ಮಾಡಿದವರು ಏನಾದರೂ ಕೆಟ್ಟಾಗ ಎಲ್ಲಿ ನೋಡಬೇಕು ಅಂತಲೇ ಗೊತ್ತಾಗದೆ ಕೂರುತ್ತಾರೆ, ಯಾಕೆಂದರೆ ಕೆಟ್ಟಿರುವುದು ಬಹಳ ಸಲ ಅದರ ಕೆಳಗಿನ ಡಿಎನ್‌ಎಸ್ಸೋ ಡಿಸ್ಕೋ ಆಗಿರುತ್ತದೆ.

ಡೇಟಾ ಕಡೆ ಬರೋಣ. ಎಲ್ಲರಿಗೂ ಮಾಡೆಲ್ ಕಟ್ಟುವ ಆಸೆ. ಕಂಪನಿಗಳಿಗೆ ಬೇಕಿರುವುದು ಆ ಮಾಡೆಲ್‌ಗೆ ಸರಿಯಾದ ಡೇಟಾ ಸರಿಯಾದ ಹೊತ್ತಿಗೆ ತಂದು ಹಾಕುವವರು, ಅಂದರೆ ಡೇಟಾ ಎಂಜಿನಿಯರ್‌ಗಳು. ಡೇಟಾ ಕೆಲಸದ ಕಷ್ಟ ಏನಂದರೆ ತಪ್ಪಾದಾಗ ಏನೂ ಕೂಗಿಕೊಳ್ಳುವುದಿಲ್ಲ. ವೆಬ್‌ಸೈಟ್ ಬಿದ್ದರೆ ತಕ್ಷಣ ಗೊತ್ತಾಗುತ್ತದೆ. ಡೇಟಾದಲ್ಲಿ ಒಂದಷ್ಟು ಸಾಲು ಕಳೆದುಹೋದರೆ ಡ್ಯಾಶ್‌ಬೋರ್ಡ್ ಅಷ್ಟೇ ಅಂದವಾಗಿ, ತಪ್ಪು ಸಂಖ್ಯೆ ತೋರಿಸುತ್ತಾ ಕೂತಿರುತ್ತದೆ. 2020ರಲ್ಲಿ ಇಂಗ್ಲೆಂಡಿನಲ್ಲಿ ಕೋವಿಡ್ ಬಂದವರ ಲೆಕ್ಕದಿಂದ 15,841 ಪ್ರಕರಣಗಳು ಬಿಟ್ಟುಹೋದವು. ಕಾರಣ, ನಡುವೆ ಎಲ್ಲೋ ಹಳೆಯ ಎಕ್ಸೆಲ್ ಫೈಲಿನ ರೂಪ ಬಳಸುತ್ತಿದ್ದರು, ಅದರ ಒಂದು ಶೀಟಿನಲ್ಲಿ 65,536 ಸಾಲು ಮಾತ್ರ ಹಿಡಿಯುತ್ತದೆ. ಮಿಕ್ಕಿದ್ದು ಸುಮ್ನೆ ಬಿದ್ದುಹೋಯಿತು. ಹಾಗೆ ಬಿಟ್ಟುಹೋದವರ ಸಂಪರ್ಕಕ್ಕೆ ಬಂದವರನ್ನು ಹುಡುಕುವುದೂ ತಡವಾಯಿತು. ಇದಕ್ಕೆ ಮಷೀನ್ ಲರ್ನಿಂಗ್ ಬೇಕಾಗಿರಲಿಲ್ಲ. ಒಳಗೆ ಹೋದದ್ದು ಎಷ್ಟು, ಹೊರಗೆ ಬಂದದ್ದು ಎಷ್ಟು ಅಂತ ಎಣಿಸಿ ಹೋಲಿಸುವ ಒಂದು ಸಾಲು ಸಾಕಿತ್ತು.

ಅದಕ್ಕೇ ಡೇಟಾ ಕೆಲಸಕ್ಕೆ ಬರುವವರಿಗೆ ನಾನು ಮೊದಲು ಹೇಳೋದು ಎಸ್‌ಕ್ಯೂಎಲ್. ಚೆನ್ನಾಗಿ ಕಲಿಯಿರಿ, ಎರಡು ಟೇಬಲ್ ಜಾಯಿನ್ ಮಾಡಿದಾಗ (ಜೋಡಿಸಿದಾಗ) ಸಾಲುಗಳು ಯಾಕೆ ದುಪ್ಪಟ್ಟಾದವು ಅಂತ ಹೇಳಬಲ್ಲಷ್ಟು. ಆಮೇಲೆ ಪೈಥಾನ್, ಡೇಟಾ ಕೆಲಸಗಳನ್ನು ಸರದಿಯಂತೆ ನಡೆಸುವ ಏರ್‌ಫ್ಲೋ, ಭಾರೀ ಡೇಟಾವನ್ನು ಸಂಸ್ಕರಿಸುವ ಸ್ಪಾರ್ಕ್ ಇತ್ಯಾದಿ. ಸಿಕ್ಕ ಸಂಖ್ಯೆಯನ್ನು ಅನುಮಾನದಿಂದ ನೋಡುವ ಬುದ್ಧಿ ಮಾತ್ರ ಯಾವ ಸಿಲಬಸ್‌ನಲ್ಲೂ ಇಲ್ಲ, ಅದನ್ನು ನೀವೇ ಬೆಳೆಸಿಕೊಳ್ಳಬೇಕು.

ಎಐ ಬಗ್ಗೆ ಹೇಳದಿದ್ದರೆ ಯಾರೂ ಬಿಡುವುದಿಲ್ಲ. ಇಲ್ಲಿ ಎರಡು ಬೇರೆ ಬೇರೆ ಕೆಲಸಗಳನ್ನು ಜನ ಒಂದೇ ಅಂದುಕೊಳ್ಳುತ್ತಾರೆ. ಹೊಸ ಮಾಡೆಲ್‌ಗಳನ್ನು ಕಂಡುಹಿಡಿಯುವುದು ಒಂದು. 2017ರಲ್ಲಿ ಗೂಗಲ್‌ನ ಸಂಶೋಧಕರು ಚಾಟ್‌ಜಿಪಿಟಿಯಂಥವುಗಳ ಬುನಾದಿಯಾದ ಟ್ರಾನ್ಸ್‌ಫಾರ್ಮರ್ ಎಂಬ ಮಾಡೆಲ್ ವಿನ್ಯಾಸದ ಬಗ್ಗೆ ಬರೆದರಲ್ಲ, ಆ ತರಹದ್ದು. ಅದಕ್ಕೆ ಲೀನಿಯರ್ ಆಲ್ಜಿಬ್ರಾ, ಪ್ರಾಬಬಿಲಿಟಿ ಎಲ್ಲ ಆಳವಾಗಿ ಬೇಕು, ಮೂರು ತಿಂಗಳ ಕೋರ್ಸಿನಿಂದ ಅಲ್ಲಿಗೆ ತಲುಪುವುದು ಕನಸು. ಇನ್ನೊಂದು, ಇರುವ ಮಾಡೆಲ್‌ಗಳನ್ನು ತೆಗೆದುಕೊಂಡು ನಿಜವಾದ ಉಪಯೋಗಕ್ಕೆ ತರುವುದು. ಬೇಡಿಕೆ ಜಾಸ್ತಿ ಇರುವುದು ಇದಕ್ಕೆ. ಇದು ಮುಕ್ಕಾಲು ಪಾಲು ಹಳೆಯ ಸಾಫ್ಟ್‌ವೇರ್ ಕೆಲಸವೇ: ಎಪಿಐ (ಸಾಫ್ಟ್‌ವೇರ್‌ಗಳು ಒಂದಕ್ಕೊಂದು ಮಾತಾಡುವ ದಾರಿ), ಡೇಟಾಬೇಸ್, ಖರ್ಚು, ವೇಗ, ಯಾರಿಗೆ ಯಾವ ದಾಖಲೆ ಕಾಣಬೇಕು ಅನ್ನುವ ಅನುಮತಿಗಳು. ಉಳಿದ ಕಾಲು ಭಾಗ ಹೊಸದು ಮತ್ತು ಕಷ್ಟದ್ದು. ಪ್ರಾಂಪ್ಟ್ ಬದಲಿಸಿದಿರಿ, ಉತ್ತರ ಚೆನ್ನಾಗಿ ಬಂದ ಹಾಗಿದೆ. ನಿಜವಾಗಿ ಸುಧಾರಿಸಿತಾ, ಅಥವಾ ನೀವು ನೋಡಿದ ಎರಡು ಉದಾಹರಣೆಯಲ್ಲಿ ಮಾತ್ರವಾ? ಅದನ್ನು ತಿಳಿಯಲು ನೂರಾರು ಉತ್ತರಗಳನ್ನು ಕೂತು ಓದಬೇಕು, ಯಾವುದು ಸರಿ, ಯಾವುದು ತಪ್ಪು ಅಂತ ಗುರುತು ಹಾಕಬೇಕು, ಆಮೇಲೆ ಪ್ರತಿ ಬದಲಾವಣೆಗೂ ಅದೇ ಪರೀಕ್ಷೆ ನಡೆಸಬೇಕು. ಇದಕ್ಕೆ ಇವ್ಯಾಲ್ ಅಂತಾರೆ. ಇದನ್ನು ಶ್ರದ್ಧೆಯಿಂದ ಮಾಡುವವರು ಕಡಿಮೆ, ಹಾಗಾಗಿ ಮಾಡುವವರಿಗೆ ಬೆಲೆ ಇದೆ.

ಎಐ ಕೋಡ್ ಬರೆಯುತ್ತದಲ್ಲ, ಇನ್ನು ಪ್ರೋಗ್ರಾಮರ್ ಯಾಕೆ ಅಂತ ಕೇಳುತ್ತಾರೆ. ಬರೆಯುತ್ತದೆ, ಚೆನ್ನಾಗೇ ಬರೆಯುತ್ತದೆ. ಅದರಿಂದ ಓದಬೇಕಾದ ಕೋಡ್ ಜಾಸ್ತಿಯಾಯಿತು. ಮೊದಲು ಒಬ್ಬರು ದಿನಕ್ಕೆ ಬರೆಯುತ್ತಿದ್ದಷ್ಟು ಕೋಡ್ ಈಗ ಕೆಲವು ನಿಮಿಷದಲ್ಲಿ ಮುಂದೆ ಬಂದು ನಿಲ್ಲುತ್ತದೆ, ಅದನ್ನು ಒಪ್ಪಬೇಕಾ ಬೇಡವಾ ಅಂತ ಯಾರೋ ಹೇಳಬೇಕು, ಆಮೇಲೆ ಕೆಟ್ಟರೆ ಅವರೇ ಉತ್ತರ ಕೊಡಬೇಕು. ನನಗೆ ಚಿಂತೆ ಇರುವುದು ಬೇರೆ ಕಡೆ. ಹೊಸಬರಿಗೆ ಮೊದಲೆಲ್ಲ ಕೊಡುತ್ತಿದ್ದ ಸಣ್ಣಪುಟ್ಟ ಕೆಲಸ, ಒಂದು ಬಟನ್ ಸರಿ ಮಾಡು, ಒಂದು ಟೆಸ್ಟ್ ಬರಿ ಅನ್ನುವುದು, ಈಗ ಟೂಲ್‌ಗಳೇ ಮಾಡುತ್ತಿವೆ. ಓದುವ ಕಣ್ಣು ಬೆಳೆಯುತ್ತಿದ್ದದ್ದು ಆ ಸಣ್ಣ ಕೆಲಸಗಳಿಂದಲೇ. ಕಂಪನಿಗಳು ಇದಕ್ಕೆ ಬೇರೆ ದಾರಿ ಹುಡುಕಿಕೊಳ್ಳದಿದ್ದರೆ ಮುಂದೆ ಅನುಭವಿಗಳೇ ಸಿಗುವುದಿಲ್ಲ. ಸದ್ಯಕ್ಕೆ ಹೊಸಬರು ಆ ಅಭ್ಯಾಸವನ್ನು ತಾವೇ ಹುಡುಕಿಕೊಂಡು ಮಾಡಬೇಕಾಗಿದೆ. ಇದು ನ್ಯಾಯ ಅಂತ ನಾನು ಹೇಳುತ್ತಿಲ್ಲ.

ಯಾವ ಲ್ಯಾಂಗ್ವೇಜ್ ಕಲೀಬೇಕು ಅನ್ನುವ ಪ್ರಶ್ನೆಗೆ ಜಾಸ್ತಿ ಹೊತ್ತು ಕೊಡುವುದಿಲ್ಲ. ಪೈಥಾನ್, ಜಾವಾ, ಜಾವಾಸ್ಕ್ರಿಪ್ಟ್, ಯಾವುದಾದರೂ ಒಂದು. ಸಾಯುತ್ತದೆ ಅಂತ ಎಲ್ಲರೂ ಅಂದುಕೊಂಡಿದ್ದ, 1959ರಲ್ಲಿ ರೂಪಗೊಂಡ ಕೋಬಾಲ್ ಎಂಬ ಲ್ಯಾಂಗ್ವೇಜ್ ಗೊತ್ತಿರುವವರು ಬೇಕು ಅಂತ 2020ರಲ್ಲಿ ಅಮೆರಿಕದ ನ್ಯೂಜೆರ್ಸಿಯ ಗವರ್ನರ್ ಬಹಿರಂಗವಾಗಿ ಕೇಳಿಕೊಂಡಿದ್ದರು. ಇನ್ನು ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಗಿಟ್ ಎಲ್ಲರಿಗೂ ಬೇಕು, ಅದರಲ್ಲಿ ಚರ್ಚೆ ಇಲ್ಲ.

ಟೆಸ್ಟಿಂಗ್ ಮತ್ತು ರಿಲೀಸ್ ಕೆಲಸವನ್ನು ಕೀಳಾಗಿ ನೋಡುವವರು ಇದ್ದಾರೆ, ಅವರಿಗಾಗಿ ಒಂದು ಘಟನೆ. 2012ರ ಆಗಸ್ಟ್ 1ರಂದು ಅಮೆರಿಕದ ನೈಟ್ ಕ್ಯಾಪಿಟಲ್ ಎಂಬ ಷೇರು ವಹಿವಾಟಿನ ಕಂಪನಿ ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರಿಗೂ ಹೆಚ್ಚು ಕಳೆದುಕೊಂಡಿತು. ಎಂಟು ಸರ್ವರ್‌ಗಳಲ್ಲಿ ಏಳಕ್ಕೆ ಹೊಸ ಕೋಡ್ ಹಾಕಿದ್ದರು, ಒಂದು ಬಿಟ್ಟುಹೋಗಿತ್ತು. ಆ ಒಂದರಲ್ಲಿ ವರ್ಷಗಳ ಹಿಂದೆ ಬಳಕೆ ನಿಲ್ಲಿಸಿದ್ದ ಕೋಡ್ ಎದ್ದು ಕೂತು ಷೇರು ಕೊಳ್ಳುತ್ತಾ ಮಾರುತ್ತಾ ಹೋಯಿತು. ನನ್ನನ್ನು ಕಾಡುವುದು ಇದಲ್ಲ. ಮಾರುಕಟ್ಟೆ ತೆರೆಯುವ ಮೊದಲೇ ಅವರ ಸಿಸ್ಟಂ 97 ಮೇಲ್ ಕಳಿಸಿತ್ತು, ಅದರಲ್ಲಿ ಆ ಹಳೆಯ ಕೋಡಿನ ಹೆಸರು ಹಾಕಿ ಎರರ್ ಇದೆ ಅಂತ ಬರೆದಿತ್ತು. ಅವು ಅಲರ್ಟ್ ಅಂತ ಮಾಡಿಟ್ಟಿದ್ದ ಮೇಲ್‌ಗಳಲ್ಲ, ಹಾಗಾಗಿ ಯಾರೂ ಏನೂ ಮಾಡಲಿಲ್ಲ. ಗಿಟ್‌ಲ್ಯಾಬಿನಲ್ಲಿ ಮೇಲ್ ತಲುಪಲೇ ಇಲ್ಲ, ಇಲ್ಲಿ ತಲುಪಿಯೂ ಪ್ರಯೋಜನ ಆಗಲಿಲ್ಲ.

ಸರ್ಟಿಫಿಕೇಟ್ ಬೇಕಾ? ರೆಸ್ಯೂಮೆ ಆಯ್ಕೆಯಾಗಲು ಸಹಾಯ ಆಗುತ್ತದೆ, ಅದು ಸುಳ್ಳಲ್ಲ. ಆದರೆ ನಾಲ್ಕು ಆಯ್ಕೆಯಲ್ಲಿ ಒಂದನ್ನು ಟಿಕ್ ಮಾಡುವ ಪರೀಕ್ಷೆಗಿಂತ, ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಪರದೆ) ಮುಂದೆ ಕೂರಿಸಿ ಕೆಲಸ ಮಾಡಿಸುವ ಸಿಕೆಎ (ಕುಬರ್ನೆಟೀಸ್ ಪರೀಕ್ಷೆ), ಒಎಸ್‌ಸಿಪಿ (ಪೆನ್ ಟೆಸ್ಟಿಂಗ್ ಪರೀಕ್ಷೆ) ತರಹದವಕ್ಕೆ ನಾನು ಜಾಸ್ತಿ ಬೆಲೆ ಕೊಡುತ್ತೇನೆ. ಸೆಕ್ಯುರಿಟಿಯವರ ಸಿಐಎಸ್‌ಎಸ್‌ಪಿ ಸರ್ಟಿಫಿಕೇಟ್ ಹೊಸಬರಿಗಲ್ಲ, ಅದು ಪೂರ್ತಿಯಾಗಿ ಕೈಗೆ ಬರಬೇಕಾದರೆ ಸಾಮಾನ್ಯವಾಗಿ ಐದು ವರ್ಷದ ಅನುಭವ ಕೇಳುತ್ತಾರೆ. ಇದನ್ನು ಹೇಳದೆ ಫೀಸ್ ಕಟ್ಟಿಸಿಕೊಳ್ಳುವವರ ಹತ್ತಿರ ಹುಷಾರಾಗಿರಿ.

ಅಭ್ಯಾಸ ಹೇಗೆ ಅಂತ ಕೇಳಿದರೆ ನನ್ನ ಹತ್ತಿರ ಇರುವ ಸಲಹೆ ಇಷ್ಟೇ. ನೀವು ದಿನಾ ಬಳಸುವ ಒಂದು ಓಪನ್ ಸೋರ್ಸ್ (ಕೋಡ್ ಎಲ್ಲರೂ ನೋಡಬಹುದಾದ) ಸಾಫ್ಟ್‌ವೇರ್ ಹಿಡಿದುಕೊಳ್ಳಿ. ಅದರಲ್ಲಿ ಈಗಾಗಲೇ ಸರಿಯಾಗಿರುವ ಒಂದು ಬಗ್ ಆರಿಸಿ. ಉತ್ತರ ನೋಡದೆ ವರದಿ ಓದಿ, ಕೋಡ್ ತೆರೆದು ಎಲ್ಲಿ ತಪ್ಪಿರಬಹುದು ಅಂತ ಬರೆದಿಡಿ, ಆಮೇಲೆ ಅವರು ಹೇಗೆ ಸರಿಪಡಿಸಿದ್ದಾರೆ ಅಂತ ಹೋಲಿಸಿ ನೋಡಿ. ಮೊದಮೊದಲು ಏನೂ ಹೊಳೆಯುವುದಿಲ್ಲ, ತಲೆ ಕೆಡುತ್ತದೆ. ಜೊತೆಗೆ ಗಿಟ್‌ಲ್ಯಾಬ್, ಕ್ಲೌಡ್‌ಫ್ಲೇರ್, ಗೂಗಲ್ ತರಹದವರು ಸಿಸ್ಟಂ ಕೆಟ್ಟ ಮೇಲೆ ಏನಾಯಿತು, ಯಾಕಾಯಿತು ಅಂತ ಪ್ರಕಟಿಸುವ ಪೋಸ್ಟ್‌ಮಾರ್ಟಂ ವರದಿಗಳನ್ನು ಓದಿ, ದುಡ್ಡು ಕೊಡಬೇಕಾಗಿಲ್ಲ. ನೀವೇ ಮಾಡಿದ ಒಂದು ಸಣ್ಣ ಆ್ಯಪ್ ಇದ್ದರೆ ಅದರ ಡೇಟಾಬೇಸ್ ಅಳಿಸಿ, ಬ್ಯಾಕಪ್‌ನಿಂದ ವಾಪಸ್ ತರಲು ಪ್ರಯತ್ನಿಸಿ. ಏನಾಯಿತು, ಎಲ್ಲಿ ಸಿಕ್ಕಿಕೊಂಡಿರಿ ಅಂತ ಒಂದು ಪುಟ ಬರೆಯಿರಿ. ಸಂದರ್ಶನ ಮಾಡುವ ಜಾಗದಲ್ಲಿ ನಾನು ಕೂತಿದ್ದರೆ ಹತ್ತು ಟೂಲ್‌ಗಳ ಹೆಸರಿಗಿಂತ ಆ ಒಂದು ಪುಟದ ಬಗ್ಗೆಯೇ ಮಾತಾಡುತ್ತೇನೆ.

ಸಂದರ್ಶನದಲ್ಲಿ ನೀವೂ ಪ್ರಶ್ನೆ ಕೇಳಿ, ಅದು ನಿಮ್ಮ ಹಕ್ಕು. ಅದರಲ್ಲೂ ಎಸ್‌ಆರ್‌ಇ, ಡೇಟಾ, ಸೆಕ್ಯುರಿಟಿ ಕೆಲಸಗಳಲ್ಲಿ ರಾತ್ರಿ ಫೋನ್ ಬರುವುದು ಇದ್ದದ್ದೇ. ಆನ್‌ಕಾಲ್ ಸರದಿಯಲ್ಲಿ, ಅಂದರೆ ಆ ಫೋನ್ ಎತ್ತಬೇಕಾದವರ ಪಾಳಿಯಲ್ಲಿ ಎಷ್ಟು ಜನ ಇದ್ದಾರೆ? ರಾತ್ರಿ ಎದ್ದವರಿಗೆ ಮರುದಿನ ರಜೆ ಉಂಟಾ? ಹಿಂದಿನ ಸಲ ಸಿಸ್ಟಂ ಬಿದ್ದಾಗ ಬರೆದ ವರದಿ ಎಲ್ಲಿದೆ, ಅದರಲ್ಲಿ ಜನರನ್ನು ಬೈದಿದ್ದಾರಾ, ಕಾರಣ ಹುಡುಕಿದ್ದಾರಾ? ಬ್ಯಾಕಪ್‌ನಿಂದ ಡೇಟಾ ವಾಪಸ್ ತಂದು ನೋಡಿದ್ದು ಯಾವಾಗ? ಈ ಕೊನೆಯ ಪ್ರಶ್ನೆಗೆ ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರೆ, ಸೇರಿದ ಮೊದಲ ವಾರ ನಿಮ್ಮ ಕೆಲಸ ಏನು ಅಂತ ಅಲ್ಲೇ ಗೊತ್ತಾಗಿಬಿಡುತ್ತದೆ.